ದೆವ್ವ ಪೊರಕೆ ಹಿಡಿಯುವುದಿಲ್ಲ

ಪಾಸ್ಟರ್ ಅಯ್ಯನವರಿಗೆ ವಂದನೆಗಳು.

ನನ್ನ ಗಂಡನ ದೀಕ್ಷಾಸ್ನಾನದ ದಿನ ನೀವು, "ರಕ್ಷಣೆ ಸಿಕ್ತಮ್ಮ, ಇನ್ನು ಚಿಂತೆ ಬಿಡು" ಅಂದಿರಿ. ಆಮೇಲೆ ರಕ್ಷಣೆ ಬೇರೆ, ಬಿಡುಗಡೆ ಬೇರೆ ಎಂದು ಹೇಳಿ, ಕೋಪದ ದೆವ್ವ ಬಿಡಿಸಲು ಪ್ರತಿ ಶುಕ್ರವಾರ ಅವರ ತಲೆಯ ಮೇಲೆ ಕೈಯಿಡುತ್ತಿದ್ದೀರಿ.

ಮೊದಲೆಲ್ಲ ಸಿಟ್ಟಿನಲ್ಲಿ ಗಾಜಿನ ಲೋಟ ಒಡೆದರೆ ಅವರೇ ಮುಖ ಸಣ್ಣ ಮಾಡಿಕೊಂಡು ಚೂರು ಗುಡಿಸುತ್ತಿದ್ದರು. ಈಗ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, "ಒಡೆದಿದ್ದು ನಾನಲ್ಲ ಕಣೇ, ದೆವ್ವ" ಅನ್ನುತ್ತಾರೆ. ದಿನವಿಡೀ ನಿಂತು ಇಸ್ತ್ರಿ ಮಾಡಿದ ನಾನು ಬಗ್ಗಿ ಗುಡಿಸಬೇಕು.

ದೆವ್ವದ ವಿಷಯ ನಿಮಗೂ ದೇವರಿಗೂ ಬಿಟ್ಟಿದ್ದು. ಈ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ, ಪತ್ರದ ಜೊತೆ ಕಳಿಸಿರುವ ಪೊರಕೆಯನ್ನು ದಯವಿಟ್ಟು ಅವರ ಕೈಗೆ ಕೊಟ್ಟು ಮನೆಗೆ ಕಳಿಸಿ. ನಿನ್ನೆಯ ಚೂರುಗಳನ್ನು ನಾನು ಮುಟ್ಟಿಲ್ಲ.

ಇಂತಿ,
ಇಸ್ತ್ರಿ ಅಂಗಡಿಯ ಸಹೋದರಿ