ಗೇಟಿನ ಒಳಗೆ ನಾನು, ಹೊರಗೆ ಅವಳು

ಅಕ್ಕನಿಗೆ ನಮಸ್ಕಾರ. ದೇವರ ದಯದಿಂದ ನಡೆದಾಡಿಕೊಂಡಿದ್ದೇನೆ. ನೀನೂ ಭಾವನವರೂ ಹಾಗೆಯೇ ಇದ್ದೀರೆಂದುಕೊಳ್ಳುತ್ತೇನೆ.

ನಾನು ಗುಡಿಸುವ ಸಭಾಭವನದಲ್ಲಿ ಇವತ್ತು ಈ ದೇಶದ ಅಧ್ಯಕ್ಷರ ಆಯ್ಕೆ ಆಯಿತು. ಇಲ್ಲಿ ಅದಕ್ಕೆ ಜನ ಓಟು ಹಾಕುವ ಹಾಗಿಲ್ಲ, ಸದಸ್ಯರೇ ಬಾಗಿಲು ಹಾಕಿಕೊಂಡು ಆರಿಸುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಗುಂಗುರು ಕೂದಲಿನವಳು ಇದೇ ಊರಿನವಳು. "ನಮ್ಮ ಅಧ್ಯಕ್ಷರನ್ನು ನಾವೇ ಆರಿಸಬೇಕು" ಎಂಬ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಬಂದಿದ್ದಳು. ಮೇಸ್ತ್ರಿ, "ಅದನ್ನ ತೆಗಿ, ಇಲ್ಲಾ ಹೊರಗೆ ನಡಿ" ಅಂದ. ಅವಳು ಪೊರಕೆ ನನ್ನ ಕೈಗೆ ಕೊಟ್ಟು, ಗೇಟಿನಾಚೆ ಕೂಗುತ್ತಿದ್ದ ಜನರ ಜೊತೆ ಹೋಗಿ ನಿಂತಳು.

ಅವಳ ಪಾಲಿನ ಕೆಲಸವೂ ನನ್ನ ತಲೆಗೇ ಬಂತು. ಸದಸ್ಯರು ಕುಡಿದಿಟ್ಟ ಕಾಫಿ ಲೋಟ ಎತ್ತಿ ಎತ್ತಿ ಸೊಂಟ ಬಿದ್ದುಹೋಯಿತು. ಕೊನೆಗೆ ಕಸದ ಚೀಲ ಎಳೆದುಕೊಂಡು ಗೇಟಿಗೆ ಬಂದರೆ, ಅವಳು ಸರಳಿಗೆ ಮುಖ ಒತ್ತಿಕೊಂಡು, "ಯಾರೇ ಗೆದ್ದಿದ್ದು?" ಅಂದಳು. ಒಳಗೆ ಕೂಗಿದ ಹೆಸರು ಹೇಳಿದೆ. ಸುತ್ತಲಿದ್ದವರು ಅದನ್ನೇ ಹಿಂದಿದ್ದವರಿಗೆ ದಾಟಿಸಿದರು.

"ಇಲ್ಲೇ ಹುಟ್ಟಿ ಬೆಳೆದವಳು ನಾನು. ನಮ್ಮ ಅಧ್ಯಕ್ಷ ಯಾರು ಅಂತ ಮೊನ್ನೆ ಬಂದ ನಿನ್ನ ಬಾಯಿಂದ ಕೇಳೋ ಹಾಗಾಯ್ತಲ್ಲೇ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ ಅಕ್ಕ. ನಮ್ಮ ಕಷ್ಟವನ್ನು ದೇವರಿಗೆ ನಾವೇ ಹೇಳಿಕೊಳ್ಳುತ್ತೇವೆ, ಬೇರೆಯವರ ಕೈಲಿ ಹೇಳಿಸುತ್ತೇವೆಯೇ?

ಮಂಡಿನೋವಿಗೆ ನೀನು ಕಳಿಸಿದ್ದ ಎಣ್ಣೆ ಮುಗಿಯಿತು, ಇನ್ನೊಂದು ಸೀಸೆ ಕಳಿಸು. ನಾಳೆ ಅವಳನ್ನು ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಲ್ಲೆಯನ್ನಂತೂ ತೆಗೆಯುವುದಿಲ್ಲವಂತೆ. ಅವಳ ಪೊರಕೆಯನ್ನು ನನ್ನದರ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ