ನವರಂಗದ ಬಳಿ

ಕಾಗಾಲ
17 ನವೆಂಬರ್ 2024

ಮಗಾ ರಂಜಿತಾ,

ನಿನ್ನ ಪತ್ರ ಬಂತು. ನಾವು ಸೌಖ್ಯ. ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ.

ನವರಂಗ ಹಕ್ಕಿಯ ವಿಷಯ ಎರಡು ಸಲ ಓದಿದೆ. ನಮ್ಮ ಗೇರುಮರದಡಿ ತರಗೆಲೆ ಹಾರಿಸಿ ಹುಳ ಹೆಕ್ಕುವ ಆ ಬಣ್ಣದ ಹಕ್ಕಿಯನ್ನು ಪಂಡಿತರು ಮೊದಲು ಕಾಗೆಯ ಕುಲಕ್ಕೆ ಬರೆದಿದ್ದರಂತೆ. ತಪ್ಪು ಗೊತ್ತಾಗಿ ಬೇರೆ ಕುಟುಂಬ ಮಾಡಿದರಂತೆ. ಈಗ ರಕ್ತ ಪರೀಕ್ಷಿಸಿ ಆ ಮನೆಯನ್ನೂ ಮೂರು ಪಾಲು ಹಾಕಿದರಂತೆ. ಹಕ್ಕಿಗೇನೂ ನೋವಾಗಲಿಲ್ಲ, ನನ್ನನ್ನೂ ಹಾಗೇ ಎತ್ತಿ ಬೇರೆ ಕಡೆ ಬರೆದುಬಿಡು ಅಮ್ಮ ಎಂದಿದ್ದೀಯಲ್ಲ, ಅದು ನನಗೆ ಸರಿ ಕಾಣಲಿಲ್ಲ.

ನೀನು ಮೆಚ್ಚಿದ ಮಿರ್ಜಾನದ ಉಮೇಶನದೂ ನಮ್ಮದೂ ಒಂದೇ ಬಳಿ, ಭಟ್ಟರಲ್ಲಿ ಗೋತ್ರ ಇದ್ದ ಹಾಗೆ. ಒಂದೇ ಬಳಿಯವರು ಅಣ್ಣ ತಂಗಿ, ಮದುವೆ ಕೂಡದು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಊರಗೌಡ ಬೊಮ್ಮಯ್ಯ ತೋರಿಸಿದ ದಾರಿಯೂ ಸುಳ್ಳಲ್ಲ. ನೀನು ನನ್ನ ತಂಗಿ ಬೆಳ್ಳಿಯ ಹೊಟ್ಟೆಯಲ್ಲಿ ಹುಟ್ಟಿದವಳು, ಅವಳ ಗಂಡ ಪಾಂಡುವಿನ ಬಳಿ ಬೇರೆ. ಅವನನ್ನು ಹೊನ್ನಾವರದಿಂದ ಕರೆಸಿ ಧಾರೆ ಎರೆಸಿದರೆ ಯಾರೂ ಸೊಲ್ಲೆತ್ತುವುದಿಲ್ಲ. ಇವಳು ನಮ್ಮ ಮಗಳಲ್ಲ ಎಂದು ನಾನು ಕೂಟದಲ್ಲಿ ಒಂದು ಮಾತು ಹೇಳಬೇಕು, ಅಷ್ಟೇ.

ಅಷ್ಟೇ ಅಂತೆ.

ಬೆಳ್ಳಿ ತೀರಿ ಬೊಜ್ಜದ ಕ್ರಿಯೆ ಮುಗಿಯುವ ಮೊದಲೇ ಬೇರೆ ಹೆಣ್ಣು ನೋಡಲು ಹೋದವನು ಪಾಂಡು. ನಿನ್ನ ಮುಖ ನೋಡಲು ಒಮ್ಮೆಯೂ ಬರಲಿಲ್ಲ. ನಿನಗೆ ದಡಾರ ಎದ್ದಾಗ ಹೆಗಲಿಗೆ ಹಾಕಿಕೊಂಡು ಕುಮಟೆಯವರೆಗೆ ನಡೆದವರು ನಿನ್ನ ಈ ಅಪ್ಪ.

ನಿನ್ನೆ ಗೌಡನ ಅಂಗಳದಲ್ಲಿ ಕೂಟ ಸೇರಿತ್ತು. ನಾನು ಎದ್ದು ನಿಂತು ಹೇಳಿದೆ, "ಅವಳು ನಮ್ಮ ಬಳಿಯವಳೇ. ಉಮೇಶನ ಸಂಗಡ ಮದುವೆಯೂ ಆಗ್ತದೆ. ಧಾರೆ ಎರೆಯುವವರು ನಾವೇ."

ಇದೆಂತ ಹೊಸ ಶಾಸ್ತ್ರ ಎಂದು ಗೌಡ ನಕ್ಕ. ದೋಷ ರಕ್ತದ್ದಾದರೆ ಉಮೇಶನ ರಕ್ತ ಬೇರೆ, ಇವಳ ರಕ್ತ ಬೇರೆ, ಮಗಳು ಸಾಕಿದವರಿಗೆ ಸೇರುವುದಾದರೆ ಅವಳು ನನ್ನವಳು, ಎಲ್ಲಿ ತಪ್ಪಿದೆ ತೋರಿಸಿ ಎಂದೆ. ಹಾಗಾದರೆ ಮದುವೆ ಊಟಕ್ಕೆ ಯಾರು ಬರ್ತಾರೆ ಸುಬ್ಬಿ ಎಂದು ಹೆದರಿಸಿದ. ಬಾರದವರ ಪಾಲಿನ ಪಾಯಸ ದನಕ್ಕೆ ಎಂದೆ. ಗೌಡನೆದುರು ಜನ್ಮದಲ್ಲಿ ಬಾಯಿ ಬಿಡದ ನಿನ್ನ ಅಪ್ಪ, ಕೆಮ್ಮಿ, ಹೌದು ಎಂದರು.

ದಿನಾ ದೀಪ ಹಚ್ಚುವವಳು ನಾನು. ತಪ್ಪಾಗಿದ್ದರೆ ವೆಂಕಟರಮಣ ನನ್ನನ್ನೇ ಕೇಳಲಿ, ಅವನಿಗೂ ಇದೇ ಉತ್ತರ. ಹಕ್ಕಿಗಳನ್ನು ಓದಿದವರು ನೀವು ಎಲ್ಲಿ ಬೇಕಾದರೂ ಬರೆದುಕೊಳ್ಳಿ. ನಿನ್ನನ್ನು ಬರೆಯುವವಳು ನಾನು.

ಇಂತಿ, ಹಟ ಬಿಡದ ನಿನ್ನ ಅಮ್ಮ
ಸುಬ್ಬಿ

ತಾ.ಕ.: ಇವತ್ತು ಬೆಳಿಗ್ಗೆ ಉಮೇಶ ಬಂದಿದ್ದ. ಬಳಿಯ ಲೆಕ್ಕದಲ್ಲಿ ಇಷ್ಟು ದಿನ ನನ್ನನ್ನು ಚಿಕ್ಕಿ ಅನ್ನುತ್ತಿದ್ದವನು, ಹೊರಡುವಾಗ ನೆಲ ನೋಡಿಕೊಂಡು, ಬರ್ತೆ ಅತ್ತೆ ಅಂದ. ಆತು ಅಂದೆ. ಅವನು ಬೇಲಿಯ ದಣಪೆ ದಾಟುವವರೆಗೆ ಗಟ್ಟಿ ನಿಂತಿದ್ದೆ. ಒಳಗೆ ಬಂದು ಅತ್ತೆ.