ಬಾಣಂತಿಯ ಬಿಸಿನೀರು ಯಾವ ಕಾಲಮ್ಮಿಗೆ ಸೇರುತ್ತದೆ?

ಮಾನ್ಯ ಅನಿಲ ವಿತರಣಾ ಅಧಿಕಾರಿಗಳೇ,

ನಮ್ಮ ಬೀದಿಯ ಹದಿನೆಂಟು ಮನೆಗಳ ಪೈಕಿ ಅತಿ ಹೆಚ್ಚು ಗ್ಯಾಸ್ ಉರಿಸುವ ಮನೆ ನಮ್ಮದು ಎಂದು ಸಾರುವ ತಮ್ಮ ಹೋಲಿಕೆ ಚೀಟಿ ತಲುಪಿತು. ಪರಮಾನಂದವಾಯಿತು. ಅರವತ್ತೆಂಟು ವರ್ಷದ ಬದುಕಿನಲ್ಲಿ ನಾನು ಯಾವುದರಲ್ಲೂ ಮೊದಲ ಸ್ಥಾನ ಪಡೆದವನಲ್ಲ. ಆದರೆ ಅದೇ ಚೀಟಿಯ ಹಿಂಬದಿಯಲ್ಲಿ, ಈ ಮನೆಯಲ್ಲಿ ಗುಟ್ಟಾಗಿ ಹೋಟೆಲು ನಡೆಯುತ್ತಿರುವ ಶಂಕೆಯಿದೆ, ಹದಿನೈದು ದಿನದೊಳಗೆ ಬಳಕೆ ಇಳಿಸದಿದ್ದರೆ ಪೈಪಿನ ಸಂಪರ್ಕ ಕತ್ತರಿಸಲಾಗುವುದು ಎಂದೂ ಬರೆದಿದ್ದೀರಿ. ಪೈಪಿನ ಈ ತುದಿಯಲ್ಲಿ ಬಿಸಿಯಾಗುತ್ತಿರುವುದು ಏನೆಂದು ಒಮ್ಮೆ ಕೇಳಿದ್ದರೆ ನಾನು ಹೀಗೆ ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿರಲಿಲ್ಲ.

ಚೀಟಿಯ ಅಂದವನ್ನು ಹೊಗಳಲೇಬೇಕು. ಕಡಿಮೆ ಉರಿಸುವವರಿಗೆ ಹಸಿರು ಬಣ್ಣದ ನಗುಮುಖ, ನಮಗೆ ಮೂತಿ ಊದಿಸಿಕೊಂಡ ಕೆಂಪು ಮುಖ. ನಮ್ಮ ಮನೆಯ ಗೆರೆಯಂತೂ ಬೇರೆಲ್ಲರ ಗೆರೆಗಳನ್ನು ದಾಟಿ ಕಾಗದದ ಅಂಚಿಗೆ ಹೋಗಿ ಮುಟ್ಟಿದೆ. ಕೆಳಗೆ ಉಚಿತ ಬುದ್ಧಿಮಾತು: ಮುಚ್ಚಳ ಮುಚ್ಚಿ ಬೇಯಿಸಿ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಹೋಟೆಲಿನ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಬೈರಮ್ಮ ಇಬ್ಬರೇ. ರಾಗಿಮುದ್ದೆ, ಸೊಪ್ಪಿನ ಸಾರು, ಯುಗಾದಿಗೆ ಒಬ್ಬಟ್ಟು. ಇದು ಹೋಟೆಲಾದರೆ ನಲವತ್ತು ವರ್ಷದಿಂದ ಅದಕ್ಕೆ ನಾನೊಬ್ಬನೇ ಗಿರಾಕಿ. ಉಪ್ಪು ಕಡಿಮೆ ಎಂದು ಹೇಳುವ ಹಕ್ಕೂ ಇಲ್ಲದ ಗಿರಾಕಿ.

ಉರಿಯುವುದು ಅಡುಗೆಮನೆಯಲ್ಲಲ್ಲ ಸ್ವಾಮಿ, ಹಿತ್ತಲ ಬಚ್ಚಲಲ್ಲಿ. ಬೈರಮ್ಮ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವವಳು. ಅವಳ ತಾಯಿಯೂ ಅದನ್ನೇ ಮಾಡುತ್ತಿದ್ದಳು. ಮೊದಲು ಬೈರಮ್ಮನೇ ಮನೆಮನೆಗೆ ಹೋಗುತ್ತಿದ್ದಳು. ಈಗ ನಮ್ಮ ಬೀದಿಯ ತುಂಬ ಕಾರ್ಖಾನೆ ಕೆಲಸದವರ ಬಾಡಿಗೆ ಮನೆಗಳು. ಮೂರನೇ ಮಹಡಿಯಲ್ಲಿ, ಬಾಗಿಲು ಹಾಕಿದರೆ ಮೊಣಕೈ ತಗಲುವ ಬಚ್ಚಲಲ್ಲಿ, ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಳ್ಳುವುದು ಎಲ್ಲಿ? ಹಾಗಾಗಿ ಬಾಣಂತಿಯರೇ ನಮ್ಮ ಮನೆಗೆ ಬರುತ್ತಾರೆ. ಈ ತಿಂಗಳು ನಾಲ್ವರು. ಎಣ್ಣೆ ತಿಕ್ಕಿ, ಒಬ್ಬೊಬ್ಬರಿಗೂ ಹಂಡೆ ನೀರು. ಬೈರಮ್ಮ ಎಲೆ ಅಡಿಕೆ ಬಿಟ್ಟರೆ ಏನೂ ಮುಟ್ಟುವುದಿಲ್ಲ.

ಮುಂಚೆ ನಮ್ಮಲ್ಲಿ ಸೌದೆ ಒಲೆಯಿತ್ತು. ಕಾಡಂಚಿನ ಸಾನಮಾವಿನಲ್ಲಿರುವ ನನ್ನ ಭಾವಮೈದ ಗಾಡಿಯಲ್ಲಿ ಸೌದೆ ತಂದು ಹಾಕುತ್ತಿದ್ದ. ಆಮೇಲೆ ಆನೆಗಳ ಕಾಟ, ಅರಣ್ಯದವರ ಕಾಟ ಎಂದು ನಿಲ್ಲಿಸಿದ. ಎರಡರಲ್ಲಿ ಯಾವುದು ದೊಡ್ಡದೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ. ಅದೇ ಹೊತ್ತಿಗೆ ತಮ್ಮ ಕಚೇರಿ ಬೀದಿಯಲ್ಲಿ ಶಾಮಿಯಾನ ಹಾಕಿ, ಹೊಗೆ ಬಿಡಿ, ಗ್ಯಾಸ್ ಹಿಡಿಯಿರಿ ಎಂದು ಮೈಕಿನಲ್ಲಿ ಕೂಗಿತು. ಬೀದಿಯ ಮೊದಲ ಗ್ರಾಹಕನೆಂದು ನನಗೆ ಶಾಲು ಹೊದಿಸಿ ಫೋಟೊ ತೆಗೆದವರೂ ತಾವೇ. ಆಗ ಉರಿಸು ಎಂದಿರಿ, ಉರಿಸಿದೆ. ಈಗ ಉರಿಸಿದ್ದೇಕೆ ಎನ್ನುತ್ತೀರಿ.

ಇನ್ನು ನಮ್ಮನ್ನು ಯಾರ ಜೊತೆ ಹೋಲಿಸಿದ್ದೀರಿ ನೋಡೋಣ. ಮೂರನೇ ಮನೆಯ ಸುರೇಂದ್ರ ಶಿಫ್ಟು ಮುಗಿಸಿ ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಕ್ಯಾಂಟೀನಿನಲ್ಲೇ ಉಂಡು ಬರುತ್ತಾನೆ. ಅವನಿಗೆ ಹಸಿರು ಮುಖ. ನಮ್ಮ ಎದುರು ಮನೆಯ ರಮಾದೇವಿಗಂತೂ ತಾವು 'ಮಾದರಿ ಮನೆ' ಎಂದು ನಗುಮುಖದ ಚೀಟಿಯನ್ನು ಬಾಗಿಲಿಗೇ ಅಂಟಿಸಿ ಹೋಗಿದ್ದೀರಿ. ಆಕೆಯ ಮಗಳು ದಿವ್ಯ ಹಡೆದು ಹತ್ತೊಂಬತ್ತು ದಿನ. ತಾಯಿ ಮಗು ಇಬ್ಬರಿಗೂ ನೀರು ಬೀಳುವುದು ನಮ್ಮ ಬಚ್ಚಲಲ್ಲಿ. ಅಂಟಿಸಿದ ದಿನವೇ ರಮಾದೇವಿ ಓಡಿ ಬಂದಳು.

"ಬೈರಕ್ಕ ಕಾಯ್ಸೋ ನೀರು, ನನ್ ಬಾಗ್ಲಿಗೆ ನಗೋ ಗೊಂಬೆ! ನಾಚ್ಕೆ ಆಯ್ತದೆ ಕಣಣ್ಣಾ. ಕಿತ್ತಾಕ್ಬುಡ್ಲಾ?"

"ಇರ್ಲಿ ಬುಡವ್ವ. ಬೀದಿಗೆ ಒಬ್ರಾದ್ರೂ ನಗ್ತಾ ಇರ್ಬೇಕು" ಎಂದೆ.

ಮೀಟರು ಓದುವ ತಮ್ಮ ನೌಕರರೊಬ್ಬರ ಅವಳಿ ಮಕ್ಕಳಿಗೂ ಹೋದ ವರ್ಷ ಮೂರು ತಿಂಗಳು ಇಲ್ಲೇ ನೀರು ಬಿದ್ದಿದೆ. ಹೆಸರು ಹೇಳಿ ಅವರ ಹೊಟ್ಟೆಯ ಮೇಲೆ ಹೊಡೆಯಲಾರೆ. ಹೆಂಡತಿಯನ್ನು ನಮ್ಮ ಬಚ್ಚಲಿಗೆ ಬಿಟ್ಟು, ಹೊರಗೆ ನಮ್ಮ ಮೀಟರು ಏರುವುದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಕರ್ತವ್ಯನಿಷ್ಠೆ ಎಂದರೆ ಅದು.

ಚೀಟಿ ಹಿಡಿದು ತಮ್ಮ ಕಚೇರಿಗೂ ಬಂದೆ. ಕಿಟಕಿಯಲ್ಲಿದ್ದ ಯುವತಿ ಕಂಪ್ಯೂಟರು ನೋಡಿ, "ಸಿಸ್ಟಮ್‌ಲ ರೆಡ್ ಕಾಟ್ಟುದು ಸಾರ್" ಎಂದು ತಮಿಳಿನಲ್ಲಿ ಹೇಳಿದಳು. ಸಿಸ್ಟಮ್ಮು ಕೆಂಪು ತೋರಿಸುತ್ತಿದೆಯಂತೆ. ಹೆಚ್ಚು ಬಳಕೆಗೆ ಕಾರಣ ತುಂಬಿಸುವ ಕಾಲಮ್ಮಿನಲ್ಲಿ ಹೋಟೆಲು, ಟೀ ಅಂಗಡಿ, ಲಾಂಡ್ರಿ, ಸೋರಿಕೆ ಎಂಬ ನಾಲ್ಕೇ ಆಯ್ಕೆ. ಬಾಣಂತಿ ಎಂದು ಸೇರಿಸಮ್ಮಾ ಎಂದೆ. ಅವಳು ನಕ್ಕಳು, ನಾನೂ ನಕ್ಕೆ, ಸಿಸ್ಟಮ್ಮು ನಗಲಿಲ್ಲ. ಸದ್ಯಕ್ಕೆ ಸೋರಿಕೆ ಎಂದು ಹಾಕಲೇ ಎಂದು ಕೇಳಿದಳು. ಹಾಕಿದರೆ ಆ ಕ್ಷಣವೇ ಪೈಪು ಮುಚ್ಚುವುದು ನಿಯಮವಂತೆ. ಕೈಮುಗಿದು ಬಂದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬೈರಮ್ಮ ತಮ್ಮ ಬುದ್ಧಿಮಾತನ್ನು ನಿಜವೆಂದು ನಂಬಿಬಿಟ್ಟಳು. ಸರ್ಕಾರದವರ ಹಾಗೆ ಮೊಹರು ಹಾಕಿ ಕಳಿಸಿದ್ದಾರೆ, ಪಾಲಿಸೋಣ ಎಂದು ಮೊನ್ನೆ ಉರಿ ತಗ್ಗಿಸಿ, ನೀರನ್ನು ಉಗುರುಬೆಚ್ಚಗೆ ಮಾಡಿ ದಿವ್ಯಳ ಬೆನ್ನಿಗೂ ಕೂಸಿನ ಮೈಗೂ ಹಾಕಿದಳು. ಹೊಸೂರಿನ ಈ ಮಾರ್ಗಶಿರದ ಚಳಿಯಲ್ಲಿ. ಹುಡುಗಿ ಹಲ್ಲು ಕಟಕಟಿಸುತ್ತ, "ಅಕ್ಕಾ, ಚಳಿ ಆಯ್ತದೆ" ಎಂದಿತು. ಕೂಸು ಅತ್ತು ಅತ್ತು ನೀಲಿಗಟ್ಟಿತು. ಕಂಬಳಿ ಸುತ್ತಿ ಎದೆಗವುಚಿಕೊಂಡು ಬೈರಮ್ಮ ತಾನೂ ಅತ್ತಳು. ಆ ದಿನ ಅವಳು ಉಣ್ಣಲಿಲ್ಲ. "ನಲವತ್ತು ವರ್ಸದಾಗೆ ನನ್ ಕೈಯಾಗೆ ಒಂದ್ ಕೂಸೂ ನಡುಗಿರ್ಲಿಲ್ಲ ಕಣ್ರೀ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಆಗಲೇ. ಮರುದಿನ ಬಚ್ಚಲ ಉರಿಯನ್ನು ನಾನೇ ಪೂರ್ತಿ ತಿರುಗಿಸಿಟ್ಟೆ. ಗೆರೆ ಈ ಸಲ ಕಾಗದವನ್ನೇ ದಾಟಿ ಹೋಗಬಹುದು, ತಾವು ದೊಡ್ಡ ಕಾಗದ ತರಿಸಿಕೊಳ್ಳಿ.

ನನ್ನ ಬೇಡಿಕೆ ಇಷ್ಟೇ. ಬಾಗಿಲು ಎಣಿಸುವುದನ್ನು ಬಿಟ್ಟು, ಒಂದು ಒಲೆಯ ಬಿಸಿ ಎಷ್ಟು ಮೈಗಳಿಗೆ ಮುಟ್ಟುತ್ತದೆ ಎಂದು ಎಣಿಸಿ. ನೋಟೀಸು ಹಿಂತೆಗೆದುಕೊಳ್ಳಿ. ಅದಾಗದು, ನಿಯಮ ನಿಯಮವೇ ಎನ್ನುವಿರಾದರೆ, ಬರುವ ಶುಕ್ರವಾರಕ್ಕೆ ತಮ್ಮ ಗಡುವು ಮುಗಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ತಾವೇ ಬನ್ನಿ, ನೌಕರರನ್ನು ಕಳಿಸಬೇಡಿ. ಪೈಪು ಕತ್ತರಿಸಿ ಒಳಗೆ ಬನ್ನಿ. ಬೈರಮ್ಮ ದಿವ್ಯಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿರುತ್ತಾಳೆ. ತಣ್ಣೀರಿನ ಚೊಂಬು ನಾನು ಕೊಡುತ್ತೇನೆ. ಹುಯ್ಯುವುದು ಮಾತ್ರ ತಮ್ಮ ಕೈಯಿಂದಲೇ ಆಗಬೇಕು.

ಇಂತಿ,
ನೀರು ಸೇದಿ ಸೇದಿ ಸೊಂಟ ಬಿದ್ದುಹೋದ, ಬೈರಮ್ಮನ ಗಂಡ
ವೆಂಕಟೇಶಪ್ಪ
ಕೆಲಮಂಗಲ ರಸ್ತೆ, ಹೊಸೂರು